ಅಗಸೆಯ ಮೂರನೆಯ ಬಾಗು

ಎಣ್ಣೆ ಮಾಡುವ ಬೀಜ ಎಣ್ಣೆಯ ಎಳೆಯನ್ನು ಮೂರು ಕಡೆ ಬಾಗಿಸಬೇಕು. ಎರಡಕ್ಕೆ ನಿಲ್ಲಿಸಬಾರದು. ಲೋಕ ಇನ್ನೂ ಹಸಿಯಾಗಿದ್ದಾಗ ಭೂಮಿತಾಯಿ ಹೇಳಿದ ನಿಯಮ ಇದು. ಬೀಜಗಳೆಲ್ಲ "ಆಗಲಮ್ಮ" ಎಂದವು. ಆಮೇಲೆ ಕೊಟ್ಟ ಮಾತು ಮುರಿದವು.

ಕಾರಣ ಗಾಳಿ. ಎಳೆ ಎಲ್ಲಿ ಬಾಗಿದೆಯೋ ಅಲ್ಲೇ ಗಾಳಿ ಕಚ್ಚುತ್ತಿತ್ತು. ಕಚ್ಚಿದ ಎಣ್ಣೆ ಕಮಟಾಗುತ್ತಿತ್ತು.

ತೆಂಗು ಬಾಗಿಸುವುದನ್ನೇ ಬಿಟ್ಟಿತು. ಅದರ ಎಳೆಗಳು ನೆಟ್ಟಗೆ, ಒತ್ತಾಗಿ ಮಲಗಿದವು. ಚಳಿ ಬಂದಾಗ ಗಟ್ಟಿಯಾದವು. ಶೇಂಗಾ ಒಂದೇ ಬಾಗು ಸಾಕೆಂದಿತು. ಕುಸುಬೆ ಎರಡಕ್ಕೆ ಕೈ ತೊಳೆದುಕೊಂಡಿತು.

ಆಗ ಲೋಕದ ಮೊದಲ ಬಸುರಿ ಸಂಕವ್ವ ಹೊಲಕ್ಕೆ ಬಂದಳು.

"ಕುಸುಬೆಯಣ್ಣ ಕೊಟ್ಟ ಎಣ್ಣೆಯಿಂದ ಬಿರಿದ ಚರ್ಮ ಕೂಡಿತು. ಆದರೆ ಹೊಟ್ಟೆಯಲ್ಲಿ ಕೂಸಿದೆ. ಅದರ ಕಣ್ಣು, ಮಿದುಳು ಕಟ್ಟಲು ಮೂರು ಬಾಗಿನ ಎಣ್ಣೆ ಬೇಕು. ನನ್ನ ಮೈಗೆ ಅದನ್ನು ಮಾಡಲು ಬಾರದು. ಯಾರ ಹತ್ತಿರ ಇದೆ?"

ಕುಸುಬೆ ಮುಖ ತಿರುಗಿಸಿತು. ಹೊಲದಂಚಿನಿಂದ ಅಗಸೆ ಹೇಳಿತು: "ನನ್ನಲ್ಲಿದೆ, ಅವ್ವಾ. ಸ್ವಲ್ಪವೇ. ದಿನವೂ ಮಾಡುತ್ತೇನೆ."

ಶೇಂಗಾ ನಕ್ಕಿತು. "ಏ ಮೂರು ಬಾಗಿನ ರಾಯ! ನಾಳೆಗೆ ನಿನ್ನ ಎಣ್ಣೆ ನಾರುತ್ತದೆ. ಅತ್ತ ಸರಿ!"

"ಒಂದು ಬಾಗು ಬಿಟ್ಟುಬಿಡೋ ತಮ್ಮಾ," ಎಂದಿತು ಕುಸುಬೆ, ಮೆಲ್ಲಗೆ. "ನಮ್ಮ ಜೊತೆಗೇ ಇರಬಹುದು. ಯಾರು ಎಣಿಸುತ್ತಾರೆ?"

"ಕೂಸಿನ ಕಣ್ಣು ಎಣಿಸುತ್ತದೆ, ಅಣ್ಣಾ."

ಗಾಳಿ ಬರದಂತೆ ಅಗಸೆ ತನ್ನ ಸುತ್ತಲೂ ಗಟ್ಟಿ ಸಿಪ್ಪೆ ಕಟ್ಟಿಕೊಂಡಿತು. ಗಾಳಿ ಬರಲಿಲ್ಲ. ಗೆಳೆಯರ ಮಾತೂ ಬರಲಿಲ್ಲ. ಒಳಗೆ ಕತ್ತಲು. ಒಂದು ಬಾಗು, ಎರಡು ಬಾಗು, ಮೂರು ಬಾಗು. ದಿನವೂ ಒಂದು ಬಾಗು, ಎರಡು ಬಾಗು, ಮೂರು ಬಾಗು. ಭೇಷ್ ಎನ್ನುವವರು ಯಾರೂ ಇಲ್ಲ.

ಸಂಕವ್ವ ಬೀಜ ಕುಟ್ಟಿ ತಿಂದಳು. ಕೂಸು ಹುಟ್ಟಿತು, ಕಣ್ಣು ತೆರೆಯಿತು. ಅವ್ವನನ್ನು ಕಂಡಿತು, ಬೆಳಕನ್ನು ಕಂಡಿತು, ಹಾರುವ ಗಿಳಿಯನ್ನೂ ಕಂಡಿತು. ಹೊಲದಂಚಿನ ಅಗಸೆಯನ್ನು ಯಾರೂ ಅದಕ್ಕೆ ತೋರಿಸಲಿಲ್ಲ.

ಅಗಸೆ ಸಿಪ್ಪೆ ಕಟ್ಟಿಕೊಂಡಿದ್ದಕ್ಕೇ ಮಗು, ನಿನ್ನ ಅಜ್ಜಿ ಅದನ್ನು ಇಡಿಯಾಗಿ ಕೊಡದೆ, ಕುಟ್ಟಿ ಹಿಂಡಿ ಎಂಬ ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚುತ್ತಾಳೆ. ಆ ಸಿಪ್ಪೆ ಇನ್ನೂ ಅಷ್ಟೇ ಗಟ್ಟಿ. ನೀನು ಬೆಳಗ್ಗೆಯೇ ಹೊಲದಂಚಿಗೆ ಹೋಗು. ಯಾರಾದರೂ ಮಾತಾಡಿಸಿಯಾರು ಎಂದು ಅಗಸೆಯ ನೀಲಿ ಹೂ ತುಸು ಹೊತ್ತು ಹೊರಗೆ ನೋಡುತ್ತಿರುತ್ತದೆ. ಮಧ್ಯಾಹ್ನದೊಳಗೆ ದಳ ಉದುರಿಸಿ, ಒಳಗೆ ಹೋಗಿ, ಮೂರನೆಯ ಬಾಗು ಬಾಗಿಸಲು ಕೂರುತ್ತದೆ.