ಕೋಟೆ ತೋರಿಸುವ ಮುಸುವ ಮತ್ತು ಹಗೇವಿಗೆ ಬಿದ್ದ ಕೆಂಚಿ

ಕುರುಚಲು ಕಾಡಿನ ನಡುವೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಒಂದು ಪಾಳುಬಿದ್ದ ಕೋಟೆ. ಅದನ್ನು ಕಟ್ಟಿದ ಮನುಷ್ಯರು ಬಿಟ್ಟುಹೋಗಿ ಎಷ್ಟು ಕಾಲವಾಯಿತೋ ಏನೋ, ಈಗ ಕಲ್ಲುಕಲ್ಲಿನ ಸಂದಿಯಲ್ಲೂ ಸೀತಾಫಲದ ಗಿಡ. ಆ ಕೋಟೆಯ ಹೆಬ್ಬಾಗಿಲ ಮೇಲೆ ಭರಮಣ್ಣ ಎಂಬ ಮುಸುವ ಇದ್ದ. ಮುಸುವ ಗೊತ್ತಲ್ಲ ಮಕ್ಕಳೇ? ಕರೀ ಮುಖ, ಸುತ್ತ ಬಿಳೀ ಗಡ್ಡ, ಮೈಗಿಂತ ಉದ್ದದ ಬಾಲ.

ಮಳೆಗಾಲ ಮುಗಿದು ಸೀತಾಫಲ ಕಣ್ಣು ಬಿಡುವ ಹೊತ್ತಿಗೆ ಗುಡ್ಡದ ಬುಡದಲ್ಲಿ, ದೊಡ್ಡ ಹುಣಸೆಮರದ ಕೆಳಗೆ, ಪ್ರಾಣಿಗಳ ಸಂತೆ ಶುರುವಾಗುತ್ತಿತ್ತು. ಅಳಿಲು ಶೇಂಗಾ ರಾಶಿ ಹಾಕುತ್ತಿತ್ತು. ಗೀಜಗ ತಾನೇ ಹೆಣೆದ ಬುಟ್ಟಿಗಳನ್ನು ಕೊಂಬೆಗೆ ತೂಗುಹಾಕುತ್ತಿತ್ತು. ಕರಡಿ ಜೇನುತಟ್ಟಿ ಹಿಡಿದು ಕೂತು, ಗಿರಾಕಿ ಬರುವಷ್ಟರಲ್ಲಿ ಅರ್ಧ ತಾನೇ ನೆಕ್ಕಿ ಮುಗಿಸುತ್ತಿತ್ತು. ಸಂತೆ ಮುಗಿದ ಮೇಲೆ ಎಲ್ಲರೂ ಗುಂಪು ಕಟ್ಟಿಕೊಂಡು ಕೋಟೆ ನೋಡಲು ಗುಡ್ಡ ಹತ್ತುತ್ತಿದ್ದರು. ಕೋಟೆ ತೋರಿಸುವ ಕೆಲಸ ಭರಮಣ್ಣನದು.

ಭರಮಣ್ಣ ಕೆಟ್ಟವನಲ್ಲ. ದಣಿದವರಿಗೆ ನೆರಳು ತೋರಿಸುತ್ತಿದ್ದ, ಮುದುಕರಿಗೆ ಮೆಟ್ಟಿಲು ಹತ್ತಲು ಕೈ ಕೊಡುತ್ತಿದ್ದ. ಅವನಲ್ಲಿ ಇದ್ದದ್ದು ಒಂದೇ ಕೊರತೆ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ, ಉತ್ತರ ತಿಳಿಯದಿದ್ದರೆ, ಅವನ ಹೊಟ್ಟೆಯಲ್ಲಿ ತಳಮಳ ಏಳುತ್ತಿತ್ತು. ಆಗ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದ. ಕೇಳಿದವರು ‘ಅಬ್ಬಾ!’ ಎನ್ನುತ್ತಿದ್ದರು. ತಳಮಳ ಇಳಿಯುತ್ತಿತ್ತು.

ಆ ವರ್ಷದ ಮೊದಲ ಸಂತೆಯ ದಿನ ಗುಂಪಿನಲ್ಲಿ ಒಬ್ಬಳು ಹೊಸಬಳಿದ್ದಳು. ಅವಳು ಕೆಂಚಿ ಎಂಬ ನಾಯಿ. ಕುರಿಮಂದೆಯ ಜೊತೆ ಊರೂರು ಸುತ್ತುತ್ತಿದ್ದವಳು ಮರಿ ಹಾಕುವ ಹೊತ್ತಿನಲ್ಲಿ ಹಿಂದೆ ಉಳಿದಿದ್ದಳು. ಕತ್ತಾಳೆ ಬೇಲಿಯ ಕೆಳಗೆ ಅವಳ ಎರಡು ಮರಿಗಳಿದ್ದವು. ಇನ್ನೂ ಕಣ್ಣು ಬಿಡದ ಮರಿಗಳು.

“ಹೋಗಿ ಬಾ ತಾಯೀ, ನಾನು ಇವುಗಳ ಹತ್ತಿರ ಕೂತಿರ್ತೀನಿ. ಹೊತ್ತು ಮುಳುಗೋದರೊಳಗೆ ಬಂದುಬಿಡು, ನನ್ನ ಹತ್ತಿರ ಹಾಲಿಲ್ಲ,” ಎಂದು ನೆರೆಮನೆಯ ಆಮೆ ಕಳಿಸಿಕೊಟ್ಟಿತ್ತು.

ಕೆಂಚಿಗೆ ಕಂಡದ್ದೆಲ್ಲ ಸೋಜಿಗ.

“ಅಣ್ಣಾ, ಈ ಬಾಗಿಲಿಗೆ ಯಾಕೆ ಇಷ್ಟೊಂದು ಮೊಳೆ?”

“ಅದಾ? ರಾಜ ಅಂಗಿ ನೇತುಹಾಕೋಕೆ!” ಎಂದ ಭರಮಣ್ಣ.

“ಅಷ್ಟೊಂದು ಅಂಗಿ ಇದ್ವಾ?”

“ರಾಜ ಅಂದ್ರೆ ಸುಮ್ನೇನಾ?”

“ಅಬ್ಬಾ!” ಎಂದಿತು ಮೊಲ.

“ಈ ಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿ ಯಾಕಣ್ಣಾ?”

“ರಾಣಿ ಮೂಗು ಹಾಕಿ ಗಾಳಿ ಕುಡೀತಿದ್ಳು.”

“ನೆಲದ ಹತ್ತಿರ ಇದಾವಲ್ಲ? ರಾಣಿ ಅಷ್ಟು ಗಿಡ್ಡನಾ?”

ಮುಳ್ಳುಹಂದಿ ಗಂಗಪ್ಪ ಕಿಸಕ್ಕನೆ ನಕ್ಕ. ಭರಮಣ್ಣನಿಗೆ ಕಿವಿ ಬಿಸಿಯಾಯಿತು. “ಮಲಗಿಕೊಂಡು ಕುಡೀತಿದ್ಳು! ನೋಡಮ್ಮ, ಈ ಕೋಟೆಯ ಒಂದೊಂದು ಕಲ್ಲೂ ನನಗೆ ಗೊತ್ತು. ಗೊತ್ತಿಲ್ಲ ಅನ್ನೋದು ಇಲ್ಲಿ ಒಂದೂ ಇಲ್ಲ.”

ಗುಂಪಿನ ಹಿಂದೆ ದುಂಡವ್ವ ಎಂಬ ಮುದಿ ಹೆಗ್ಗಣ ಬರುತ್ತಿದ್ದಳು. ಅವಳು ಏನೋ ಹೇಳಲೆಂದು ಬಾಯಿ ತೆರೆದಳು. ಭರಮಣ್ಣನ ಎತ್ತಿದ ಗಡ್ಡ ನೋಡಿ ಮತ್ತೆ ಮುಚ್ಚಿಕೊಂಡಳು.

ಕೋಟೆಯ ಅಂಚಿನ ಬಯಲಿಗೆ ಬಂದರು. ಮಳೆಗೆ ಬೆಳೆದ ಹುಲ್ಲು ಎದೆಮಟ್ಟ ನಿಂತು ಹಳದಿ ತಿರುಗಿತ್ತು. ಹುಲ್ಲಿನ ನಡುವೆ ಒಂದು ಚಪ್ಪಟೆ ಕಲ್ಲು ಕಂಡಿತು. ಕೆಂಚಿ ಅದನ್ನು ಮೂಸಿದಳು, ಉಗುರಿನಿಂದ ತಟ್ಟಿದಳು. ಒಳಗಿನಿಂದ ಬುಂ ಎಂದು ಸದ್ದು ಬಂತು.

“ಅಣ್ಣಾ, ಇದೇನು?”

ಭರಮಣ್ಣ ಆ ಕಲ್ಲನ್ನು ಎಂದೂ ಗಮನಿಸಿರಲೇ ಇಲ್ಲ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

“ಅದು... ರಾಜನ ನಗಾರಿ ಕಲ್ಲು! ಹತ್ತಿ ಕುಣಿದರೆ ಏಳು ಊರಿಗೆ ಕೇಳಿಸುತ್ತೆ.”

ಕೆಂಚಿಗೆ ಇನ್ನೇನು ಬೇಕು? ಚಂಗನೆ ಹಾರಿ ಕಲ್ಲಿನ ಮೇಲೆ ನಿಂತಳು. ಒಂದು ಸಲ ಕುಣಿದಳು, ಬುಂ. ಎರಡನೇ ಸಲ ಕುಣಿದಾಗ ಹಳೇ ಬಿರುಕಿದ್ದ ಕಲ್ಲು ಎರಡು ಹೋಳಾಗಿ ಒಳಕ್ಕೆ ಜಾರಿತು. ಕೆಂಚಿಯೂ ಜೊತೆಗೇ ಮಾಯವಾದಳು.

ಎಲ್ಲರೂ ಓಡಿಬಂದು ಬಗ್ಗಿ ನೋಡಿದರು. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು, ಗಡಿಗೆಯ ಹಾಗೆ. ಆಳದಲ್ಲಿ ಕೊಳೆತ ಹೊಟ್ಟಿನ ಮೇಲೆ ಕೆಂಚಿ ನಿಂತಿದ್ದಳು. ಏಟು ಬಿದ್ದಿರಲಿಲ್ಲ. ಆದರೆ ಹತ್ತಲು ಗೋಡೆ ಎಲ್ಲಿದೆ? ಸುತ್ತಲಿನ ಗೋಡೆಯೆಲ್ಲ ಮೇಲೆ ಬರಬರುತ್ತಾ ತಲೆಯ ಮೇಲಕ್ಕೇ ಬಾಗಿತ್ತು. ಮೂರು ಸಲ ಹಾರಿದಳು, ಮೂರು ಸಲವೂ ಬೆನ್ನಡಿಯಾಗಿ ಬಿದ್ದಳು.

“ಅಣ್ಣಾ, ಇಲ್ಲಿಂದ ಹೊರಗೆ ಬರೋದು ಹೇಗೆ? ನನ್ನ ಮರಿಗಳು ಕಾಯ್ತಿರ್ತಾವೆ!”

ಈಗಲಾದರೂ ಭರಮಣ್ಣ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಜನರ ಮುಂದೆ ಹೇಗೆ ಹೇಳುವುದು?

“ಹೆದರಬೇಡ!” ಎಂದು ಕೂಗಿದ. “ಅದು ರಾಜನ ಗುಟ್ಟಿನ ಸುರಂಗ. ಬಿಸಿಲು ಬಿದ್ದಿದೆ ನೋಡು, ಆ ಗೋಡೆ ಕೆರಿ. ಅಲ್ಲೇ ದಾರಿ ಇದೆ. ನನಗೆ ಗೊತ್ತು.”

“ನಗಾರಿ ಅಂದಿದ್ಯಲ್ಲ?” ಎಂದ ಗಂಗಪ್ಪ.

“ಮೇಲೆ ನಗಾರಿ, ಕೆಳಗೆ ಸುರಂಗ! ಹೋಗಿ, ನೀವೆಲ್ಲ ಕೋಟೆಯ ಆಚೆ ಸುರಂಗದ ಬಾಯಿ ಹುಡುಕಿ.”

ಕೆಂಚಿ ನಂಬಿದಳು. ನೆಲ ಕೆರೆಯುವುದರಲ್ಲಿ ನಾಯಿಯನ್ನು ಮೀರಿಸುವವರು ಯಾರು? ಬಿಸಿಲು ಬಿದ್ದ ಗೋಡೆಗೆ ಮುಖ ಕೊಟ್ಟು ಪರಪರನೆ ಕೆರೆದಳು. ಒಂದು ಮೊಳ ಮಣ್ಣು ಬಂತು. ಆಮೇಲೆ ಕಲ್ಲು ಸಿಕ್ಕಿತು. ಕೋಟೆಯ ಬುರುಜಿನ ಅಡಿಪಾಯದ ಕಲ್ಲು, ಒಂದೊಂದೂ ಎಮ್ಮೆಯಷ್ಟು ದಪ್ಪ. ಆದರೂ ಕೆರೆದಳು. ಉಗುರು ಕಿತ್ತು ರಕ್ತ ಬಂತು. ಅಣ್ಣನಿಗೆ ಗೊತ್ತಿದೆ ಎಂದು ಮತ್ತೂ ಕೆರೆದಳು.

ಆಚೆ ಹೋದವರು ಮೈತುಂಬ ಮುಳ್ಳು ಚುಚ್ಚಿಸಿಕೊಂಡು ವಾಪಸು ಬಂದರು. “ಸುರಂಗವೂ ಇಲ್ಲ, ಏನೂ ಇಲ್ಲ,” ಎಂದಿತು ಮೊಲ.

ಕೆಳಗಿನ ಕೆರೆತದ ಸದ್ದು ನಿಧಾನವಾಗುತ್ತಾ ಬಂತು. “ಅಣ್ಣಾ... ಇನ್ನೂ ಎಷ್ಟು ದೂರ?” ಎಂದಳು ಕೆಂಚಿ. ಧ್ವನಿ ತೊದಲುತ್ತಿತ್ತು. “ಯಾಕೋ ನಿದ್ದೆ ಬರ್ತಿದೆ.”

ಬಿಸಿಲು ಆಗಲೇ ಗೋಡೆಯಿಂದ ಮೇಲಕ್ಕೆ ಜರುಗಿತ್ತು. ಇನ್ನೊಂದು ಸುಳ್ಳು ಭರಮಣ್ಣನ ನಾಲಿಗೆಯ ತುದಿಗೆ ಬಂದು ಕೂತಿತು. ಅದನ್ನು ಅವನು ನುಂಗಿಕೊಂಡ. ಗುಂಡಿಯ ಬಾಯಿಯ ಬಳಿ ಮಂಡಿಯೂರಿ ಕೂತ.

“ಕೆಂಚೀ, ಕೆರೆಯೋದು ನಿಲ್ಲಿಸು ತಂಗೀ. ಅಲ್ಲಿ ದಾರಿ ಇಲ್ಲ. ಇದ್ದರೂ ನನಗೆ ಗೊತ್ತಿಲ್ಲ. ಇದು ಏನು ಅನ್ನೋದೇ ನನಗೆ ಗೊತ್ತಿಲ್ಲ. ನಗಾರಿ, ಸುರಂಗ, ಎಲ್ಲ ನಾನು ಹೊಸೆದದ್ದು.”

ಯಾರೂ ‘ಅಬ್ಬಾ’ ಎನ್ನಲಿಲ್ಲ. ಮೊಲ ಬೇರೆ ಕಡೆ ಮುಖ ತಿರುಗಿಸಿತು. ಭರಮಣ್ಣ ಎದ್ದು ನಿಂತು ಎಲ್ಲರ ಕಡೆ ತಿರುಗಿದ. “ಇದು ಏನು ಅಂತ ಯಾರಿಗಾದರೂ ಗೊತ್ತಾ? ದಯವಿಟ್ಟು ಹೇಳಿ.”

“ನನಗೆ ಗೊತ್ತು,” ಎಂದಿತು ಒಂದು ಸಣ್ಣ ಧ್ವನಿ.

ದುಂಡವ್ವ ಮುಂದೆ ಬಂದಳು. “ಇದು ಹಗೇವು ಕಣಪ್ಪಾ. ಮನುಷ್ಯರು ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿ. ನಮ್ಮ ವಂಶವೆಲ್ಲ ಈ ಜೋಳ ಕದ್ದು ತಿಂದೇ ಬೆಳೆದದ್ದು.”

“ಅಜ್ಜೀ! ಗೊತ್ತಿದ್ದೂ ಇಷ್ಟು ಹೊತ್ತು ಸುಮ್ಮನಿದ್ಯಾ?”

“ಎಲ್ಲಾ ಗೊತ್ತು ಅಂತ ನೀನೇ ಅಂದೆಯಲ್ಲೋ. ಗೊತ್ತಿರುವವನಿಗೆ ಹೆಗ್ಗಣ ಏನು ಹೇಳಿಕೊಡಲಿ? ಹೇಳಿದ್ದರೆ ನೀನು ನಗ್ತಿದ್ದೆ. ಆದರೂ ನಾನೂ ಹೇಳಬೇಕಿತ್ತು, ತಪ್ಪಾಯ್ತು. ಈಗ ಮಾತು ಬೇಡ, ಕೇಳು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತೆ. ಅದಕ್ಕೇ ಅವಳಿಗೆ ನಿದ್ದೆ. ಮಲಗಿದರೆ ಏಳಲ್ಲ.”

“ಏನು ಮಾಡಬೇಕು, ಹೇಳಜ್ಜೀ. ನೀನು ಹೇಳಿದ ಹಾಗೆ ಮಾಡ್ತೀವಿ.”

“ಬುರುಜಿನ ಎದುರುಗೋಡೆಯ ಆಚೆ ಗುಡ್ಡದ ಇಳಿಜಾರಿದೆ. ಅಲ್ಲಿಂದ ನಮ್ಮ ಹಳೇ ಬಿಲ ಹಗೇವಿನ ತಳದವರೆಗೆ ಬರುತ್ತೆ. ಕೊನೇ ಎರಡು ಮೊಳ ಮಣ್ಣು ಕುಸಿದು ಮುಚ್ಚಿದೆ. ನಾನು ಬಿಲದ ಒಳಗಿನಿಂದ ಕೆರೀತೀನಿ. ಗಂಗಪ್ಪಾ, ನೀನು ಹಿಂದಿನಿಂದ ಬಿಲ ಅಗಲ ಮಾಡ್ತಾ ಬಾ. ಮುಳ್ಳು ಮಡಚಿಕೊಂಡು ಬಾ ಮಾರಾಯಾ, ನನ್ನ ಬೆನ್ನು ಹಳೇದು.”

“ನಾನು?” ಎಂದ ಭರಮಣ್ಣ.

“ನೀನು ಸೊಪ್ಪಿನ ಕೊಂಬೆ ಮುರಿದು ಒಳಗೆ ಗಾಳಿ ಬೀಸು. ಅವಳನ್ನು ಮಾತಾಡಿಸ್ತಾ ಇರು. ಮಲಗೋಕೆ ಬಿಡಬೇಡ.”

ಭರಮಣ್ಣ ಸೀತಾಫಲದ ದೊಡ್ಡ ಕೊಂಬೆ ಮುರಿದ. ಮೊಲ ಮತ್ತು ಅಳಿಲು ಅವನ ಬಾಲ ಹಿಡಿದುಕೊಂಡರು. ಅವನು ಕಾಲಿನಿಂದ ಗುಂಡಿಯ ಬಾಯಿಯ ಅಂಚು ಕಚ್ಚಿ ಹಿಡಿದು, ತಲೆಕೆಳಗಾಗಿ ಹಗೇವಿನೊಳಗೆ ಇಳಿಬಿದ್ದ. ಕೊಂಬೆ ಬೀಸತೊಡಗಿದ. ನಾತಕ್ಕೆ ಅವನಿಗೇ ತಲೆ ತಿರುಗುತ್ತಿತ್ತು.

“ಕೆಂಚೀ! ಏನಾದರೂ ಕೇಳು!”

“ಏನು ಕೇಳ್ಲಿ... ಈ ಕೋಟೆ ಕಟ್ಟಿದ್ದು ಯಾರು?”

“ಗೊತ್ತಿಲ್ಲ!”

“ಯಾಕೆ ಬಿಟ್ಟು ಹೋದ್ರು?”

“ಗೊತ್ತಿಲ್ಲ! ಇನ್ನೂ ಕೇಳು!”

“ಬಾಗಿಲಿಗೆ ಮೊಳೆ ಯಾಕೆ?”

“ಅದೂ ಗೊತ್ತಿಲ್ಲ!”

ಕತ್ತಲೊಳಗಿಂದ ಒಂದು ಸಣ್ಣ ನಗು ಬಂತು. “ಅಣ್ಣಾ, ಹಾಗಾದರೆ ನಿನಗೆ ಏನು ಗೊತ್ತು?”

“ನೀನು ಅಲ್ಲಿದ್ದೀಯ ಅಂತ ಗೊತ್ತು. ನಿನ್ನ ಮರಿಗಳಿಗೆ ಹಸಿವಾಗಿದೆ ಅಂತ ಗೊತ್ತು. ಎದ್ದು ನಿಲ್ಲು ತಂಗೀ!”

ಕೆಂಚಿ ನಡುಗುವ ಕಾಲಿನ ಮೇಲೆ ಎದ್ದು ನಿಂತಳು. ಅಷ್ಟರಲ್ಲಿ ಅವಳ ಕಿವಿ ನೆಟ್ಟಗಾಯಿತು. ಬೆನ್ನ ಹಿಂದಿನ ಗೋಡೆಯೊಳಗೆ ಕರಕರ, ಕರಕರ.

“ಸದ್ದು ಬರುವ ಕಡೆ ಕೆರಿ!” ಎಂದ ಭರಮಣ್ಣ. “ಇದು ನಾನು ಹೇಳ್ತಿರೋದಲ್ಲ, ದುಂಡವ್ವಜ್ಜಿ ಹೇಳಿದ್ದು!”

ಹಾಗೆಂದದ್ದಕ್ಕೇ ಅವಳಿಗೆ ಧೈರ್ಯ ಬಂತೋ ಏನೋ. ರಕ್ತ ಒಸರುವ ಉಗುರಿನಿಂದಲೇ ಆ ಗೋಡೆ ಕೆರೆದಳು. ಇಲ್ಲಿ ಮಣ್ಣು ಮೆತ್ತಗಿತ್ತು. ಒಂದು ಗೇಣು, ಇನ್ನೊಂದು ಗೇಣು, ಆಮೇಲೆ ಮಣ್ಣಿನ ನಡುವಿನಿಂದ ಒಂದು ಗುಲಾಬಿ ಮೂಗು ಹೊರಬಂತು.

“ಬಂದೆಯಾ ಮಗಳೇ,” ಎಂದಳು ದುಂಡವ್ವ.

ತೂತು ಬಿದ್ದದ್ದೇ ತಡ, ತಳದಲ್ಲಿ ಕೂತಿದ್ದ ಕೆಟ್ಟ ಗಾಳಿ ಬಿಲದ ಇಳಿಜಾರಿನಲ್ಲಿ ನೀರಿನಂತೆ ಹರಿದುಹೋಯಿತು. ಹಿಂದೆ ಇದ್ದ ಗಂಗಪ್ಪ ಏಳು ಸಲ ಸೀನಿದ. ಸೀನಿದಾಗಲೆಲ್ಲ ಅವನ ಮುಳ್ಳು ನೆಟ್ಟಗಾಗಿ ಬಿಲ ಇನ್ನಷ್ಟು ಅಗಲವಾಯಿತು. “ಸೀನಪ್ಪಾ, ಸೀನು! ಇವತ್ತು ನಿನ್ನ ಸೀನೂ ಕೆಲಸಕ್ಕೆ ಬಂತು,” ಎಂದಳು ಮುದುಕಿ.

ಹೊತ್ತು ಮುಳುಗಲು ಇನ್ನು ಒಂದು ಮಾರು ಇರುವಾಗ ಇಳಿಜಾರಿನ ಪೊದೆಯಿಂದ ಮೊದಲು ಗಂಗಪ್ಪ, ಆಮೇಲೆ ದುಂಡವ್ವ, ಕೊನೆಗೆ ಕೆಂಚಿ ತೆವಳಿಕೊಂಡು ಹೊರಬಂದರು. ಮೈತುಂಬ ಕೆಮ್ಮಣ್ಣು. ಕೆಂಚಿ ಯಾರ ಹತ್ತಿರವೂ ಮಾತಾಡದೆ, ಕುಂಟುತ್ತಲೇ, ಕತ್ತಾಳೆ ಬೇಲಿಯ ಕಡೆ ಓಡಿದಳು.

ಭರಮಣ್ಣ ದೂರದಿಂದಲೇ ಹಿಂದೆ ಹೋದ. ಮರಿಗಳು ಚಪಚಪ ಹಾಲು ಕುಡಿಯುವ ಸದ್ದು ಕೇಳುತ್ತಾ ಬೇಲಿಯಾಚೆ ನಿಂತ. ಒಳಗೆ ಬರುವ ಧೈರ್ಯವಾಗಲಿಲ್ಲ.

“ಅಲ್ಲಿ ಯಾಕೆ ನಿಂತಿದ್ದೀಯಣ್ಣಾ?” ಎಂದಳು ಕೆಂಚಿ.

“ನಿನಗೆ ಕೋಪ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ.”

“ಬಂದಿದೆ. ನಾಳೆ ಬಾ, ಇನ್ನೂ ಇದೆಯಾ ನೋಡೋಣ. ಬರುವಾಗ ಈ ಉಗುರಿಗೆ ಹಚ್ಚೋಕೆ ಯಾವ ಸೊಪ್ಪು ಒಳ್ಳೇದು ಅಂತ ಯಾರನ್ನಾದರೂ ಕೇಳಿಕೊಂಡು ಬಾ. ನಿನ್ನ ಮನಸ್ಸಿಗೆ ಬಂದದ್ದನ್ನ ತರಬೇಡ.”

ಮಾರನೇ ದಿನ ಭರಮಣ್ಣ ನಾಲ್ಕು ಮನೆ ಕೇಳಿ, ಸರಿಯಾದ ಸೊಪ್ಪನ್ನೇ ತಂದ.

ಮುಂದಿನ ಸಂತೆಯ ದಿನ ಗುಂಪು ಮತ್ತೆ ಗುಡ್ಡ ಹತ್ತಿತು. ಹಗೇವಿನ ಬಾಯಿಗೆ ಮುಳ್ಳಿನ ಕೊಂಬೆಗಳನ್ನು ಅಡ್ಡ ಹಾಕಿ ಬೇಲಿ ಮಾಡಿದ್ದರು. ದುಂಡವ್ವ ಈಗ ಗುಂಪಿನ ಮುಂದೆ, ಭರಮಣ್ಣನ ಪಕ್ಕದಲ್ಲೇ ನಡೆಯುತ್ತಿದ್ದಳು. ಕೆಂಚಿ ಒಂದು ಕಲ್ಲಿನ ತೊಟ್ಟಿಯ ಮುಂದೆ ನಿಂತು, “ಅಣ್ಣಾ, ಇದೇನು?” ಎಂದು ಕೇಳಿದಳು.

ಹೊಟ್ಟೆಯಲ್ಲಿ ಸ್ವಲ್ಪ ತಳಮಳ ಎದ್ದಿತು. ಅಷ್ಟು ಬೇಗ ಹೋಗುತ್ತದೆಯೇ ಮಕ್ಕಳೇ? ಆದರೂ ಅವನು ಹೇಳಿದ: “ಗೊತ್ತಿಲ್ಲ. ಯಾರಿಗಾದರೂ ಗೊತ್ತಾ?”

“ಕುದುರೆ ನೀರು ಕುಡಿಯೋ ತೊಟ್ಟಿ ಇರಬೇಕು,” ಎಂದಿತು ಮೊಲ. “ಸುಣ್ಣ ಕಲಸೋದು,” ಎಂದ ಗಂಗಪ್ಪ. ದುಂಡವ್ವ ಸುತ್ತ ಮೂಸಿ ನೋಡಿ, “ಇದು ನನಗೂ ಗೊತ್ತಿಲ್ಲಪ್ಪ,” ಎಂದಳು. ಎಲ್ಲರೂ ತೊಟ್ಟಿಯೊಳಗೆ ತಲೆ ಹಾಕಿ, ಕೆರೆದು, ತಟ್ಟಿ, ಜಗಳವಾಡಿ, ಆ ಸಂಜೆಯೆಲ್ಲ ಅಲ್ಲೇ ಕಳೆದರು. ಕೋಟೆ ಅಷ್ಟು ಚೆನ್ನಾಗಿ ಅವರಿಗೆ ಎಂದೂ ಕಂಡಿರಲಿಲ್ಲ.

ನೀತಿ: ತಿಳಿಯದ್ದನ್ನು ತಿಳಿದಿದೆ ಎನ್ನುವವನು ತಿಳಿದವರ ಬಾಯಿ ಮುಚ್ಚಿಸುತ್ತಾನೆ; ‘ಗೊತ್ತಿಲ್ಲ’ ಎಂದು ಒಪ್ಪಿ ಕೇಳುವವನಿಗೆ ದಾರಿ ತೋರಿಸುವವರು ಸಿಗುತ್ತಾರೆ.