ತೊಂಬತ್ತಾಗದ ಮೂಲೆ

ಸಿಟ್ಟೇ ಬಾರದ ಗುರುಗಳ ಕಥೆಗಳನ್ನು ನೀವು ಬೇಕಾದಷ್ಟು ಓದಿರುತ್ತೀರಿ. ಶಿಷ್ಯ ಏನೇ ಎಡವಟ್ಟು ಮಾಡಿದರೂ ಅವರು ಮುಗುಳ್ನಗುತ್ತಾರೆ. ಶಂಕರಯ್ಯನವರು ಆ ಪೈಕಿಯವರಲ್ಲ. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ ಅವರು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದರು. ಗೆರೆ, ವೃತ್ತ, ತ್ರಿಕೋನ, ಎರಡು ಗೆರೆಗಳ ನಡುವಿನ ಕೋನ, ಇವೇ ಅವರ ಪಾಠ.

ಈಚೆಗೆ ಅವರ ದೃಷ್ಟಿ ಮಂಜಾಗಿ ಹೋಗಿತ್ತು. ಪರದೆಯ ಮೇಲಿನ ಗೆರೆ ಹೋಗಲಿ, ಎದುರಿಗೆ ನಿಂತವರ ಮುಖವೂ ತಿಳಿಯುತ್ತಿರಲಿಲ್ಲ. ಶಿಷ್ಯ ಗವಿಸಿದ್ಧ ಅಳತೆಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಅವರು ಕೇಳಿ, ಸರಿಯೆನಿಸಿದರೆ ಸಹಿ ಹಾಕುತ್ತಿದ್ದರು.

ನದಿಯ ಕಡೆಗೆ ನಾಲ್ಕು ಮೂಲೆಯ ಒಂದು ಹಳೆಯ ಕಟ್ಟೆ ಇತ್ತು. ಅದರ ಮೇಲೆ ಹಾಸಲೆಂದು ಭಕ್ತರೊಬ್ಬರು ಕಲ್ಲಿನ ಚಪ್ಪಡಿ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಅವನ್ನು ಕೊಯ್ಯಬೇಕು. ಕೊಯ್ಯುವವರು ನಕ್ಷೆಯಲ್ಲಿ ಬರೆದ ಅಂಕಿ ನೋಡಿ ಕೊಯ್ಯುತ್ತಾರೆ. ಒಮ್ಮೆ ತಪ್ಪಿ ಕೊಯ್ದರೆ ಆ ಕಲ್ಲು ಹೋದಂತೆಯೇ, ಬೇರೆ ಕಲ್ಲು ಇರಲಿಲ್ಲ.

ಗವಿಸಿದ್ಧ ಟೇಪು ಹಿಡಿದು ಕಟ್ಟೆಯ ಬದಿಗಳನ್ನು ಅಳೆದ. ಮೂಲೆಯಿಂದ ಮೂಲೆಗೂ ಅಡ್ಡ ಹಿಡಿದು ಅಳೆದ. ಒಳಗೆ ಬಂದು ಗೆರೆಗಳನ್ನು ಎಳೆದ. ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು.

ಆಮೇಲೆ ಒಂದನೇ ಮೂಲೆಯ ಕೋನ ಕೇಳಿದ. ಕಂಪ್ಯೂಟರು ಎಂಬತ್ತೆಂಟೂವರೆ ಡಿಗ್ರಿ ಎಂದಿತು.

ಕಟ್ಟೆಯ ಮೂಲೆ ಎಂದರೆ ತೊಂಬತ್ತಿರಬೇಡವೇ? ಅವನು ಹೊರಗೆ ಹೋಗಿ ಮತ್ತೆ ಅಳೆದು ಬಂದು ಗೆರೆ ಎಳೆದ. ಎಂಬತ್ತೆಂಟೂವರೆಯೇ ಬಂತು. ಈ ಅಂಕಿ ಓದಿದರೆ ಗುರುಗಳು ಏನೆನ್ನುತ್ತಾರೆಂದು ಅವನಿಗೆ ಆಗಲೇ ಕೇಳಿಸತೊಡಗಿತು.

ಅವನು ಆ ಅಂಕಿಯ ಮೇಲೆ ಎರಡು ಸಲ ಒತ್ತಿ, ಅದನ್ನು ಅಳಿಸಿ, ತೊಂಬತ್ತು ಎಂದು ಟೈಪು ಮಾಡಿದ.

ಗೆರೆ ಇದ್ದಲ್ಲೇ ಇತ್ತು. ಅಂಕಿ ಮಾತ್ರ ಬದಲಾಯಿತು. ನಕ್ಷೆ ಬರೆಯುವವರೆಲ್ಲ ಬಲ್ಲ ಕಳ್ಳದಾರಿ ಇದು. ಇದರ ಹೆಸರೆತ್ತಿದರೂ ಶಂಕರಯ್ಯನವರು ಕೆಂಡವಾಗುತ್ತಿದ್ದರು.

ಉಳಿದ ಮೂರು ಮೂಲೆಗಳೂ ತೊಂಬತ್ತಲ್ಲವೆಂದು ಕಂಪ್ಯೂಟರು ತೋರಿಸುವಷ್ಟರಲ್ಲಿ ಅವರು ಬಂದು ಕುರ್ಚಿ ತಡವಿ ಕೂತರು.

"ಓದು."

"ಒಂದನೇ ಮೂಲಿ ತೊಂಬತ್ತು ರೀ. ಎರಡನೇದು ಎಂಬತ್ತೇಳು. ಮೂರನೇದು ತೊಂಬತ್ನಾಕು. ನಾಕನೇದು ತೊಂಬತ್ತೂವರಿ."

ಗುರುಗಳು ಪೆನ್ನಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ನಾಕು ಮೂಲಿ ಕೂಡಿಸಿದ್ರ ಎಷ್ಟಾಗ್ಬೇಕು?"

"ಮುನ್ನೂರಾ ಅರವತ್ತು ರೀ."

"ಎಂಥಾ ಸೊಟ್ಟ ಕಟ್ಟಿ ಇದ್ರೂ?"

"ಹೌದ್ರಿ. ಎಂಥಾದಿದ್ರೂ ಅಷ್ಟೇ."

"ನೀ ಓದಿದ್ದು ಮುನ್ನೂರಾ ಅರವತ್ತೊಂದೂವರಿ ಆತು. ಮ್ಯಾಲಿನ ಒಂದೂವರಿ ಎಲ್ಲಿಂದ ತಂದಿ? ಮನಿಯಿಂದ ಕಟ್ಟಿಕೊಂಡು ಬಂದೀಯೇನು?"

"ಕಂಪ್ಯೂಟರ್ ಏನೋ ತಪ್ಪು ಮಾಡೇತ್ರಿ, ಗುರುಗಳ."

"ಕಂಪ್ಯೂಟರ್!" ಶಂಕರಯ್ಯನವರು ಮೇಜು ಗುದ್ದಿದರು. "ಅದಕ್ಕ ಪಾಪ, ನಾಲಿಗಿ ಇಲ್ಲ. ಇದ್ದಿದ್ರ ನಿನ್ನ ಬಗ್ಗೆ ಏನರ ಹೇಳ್ತಿತ್ತು. ಸರಿ ಮಾಡು. ನಾ ಚಹಾ ಕುಡದು ಬರ್ತೀನಿ."

ಇಷ್ಟಾದ ಮೇಲೆ ಯಾರಾದರೂ ಏನು ಮಾಡಬೇಕು? ತಾನು ಟೈಪು ಮಾಡಿದ ಅಂಕಿಯನ್ನು ತೆಗೆಯಬೇಕು. ಗವಿಸಿದ್ಧನೂ ಅದನ್ನೇ ಯೋಚಿಸಿದ. ಆದರೆ ತೆಗೆದರೆ ಎಂಬತ್ತೆಂಟೂವರೆ ಮತ್ತೆ ಬರುತ್ತದೆ. ಮೊದಲು ತೊಂಬತ್ತೆಂದು ಯಾಕೆ ಓದಿದೆ ಎಂದು ಗುರುಗಳು ಕೇಳುತ್ತಾರೆ.

ಅವನು ಮೂರನೇ ಮೂಲೆಯ ತೊಂಬತ್ನಾಲ್ಕನ್ನು ಅಳಿಸಿ ತೊಂಬತ್ತೆರಡೂವರೆ ಎಂದು ಬರೆದ.

ಹೇಳುತ್ತಿರುವ ನನಗೇ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಆದರೂ ಅವನು ಬರೆದದ್ದು ನಿಜ.

ಗುರುಗಳು ಬಂದರು. ಅವನು ಓದಿದ. ಈ ಸಲ ಕೂಡಿಸಿದರೆ ಮುನ್ನೂರಾ ಅರವತ್ತೇ ಆಯಿತು.

"ಲೆಕ್ಕ ಕೂಡ್ತು," ಎಂದರು ಗುರುಗಳು. "ಯಾವ ಮೂಲಿ ಬದಲಾತು?"

"ಮೂರನೇದು ರೀ."

"ನೀ ಹೊರಗ ಹೋಗಿ ಅಳದು ಬಂದ್ಯಾ?"

ಗವಿಸಿದ್ಧ ಕೀಲಿಮಣೆಯಿಂದ ಕೈ ತೆಗೆದ.

"ನಾ ಬಾಗಿಲ ಮುಂದನ ಚಹಾ ಕುಡೀತಿದ್ದೆ, ಬಾಗಿಲ ಸಪ್ಪಳ ಕೇಳಿಸಲಿಲ್ಲ. ನೀ ಎದ್ದಿಲ್ಲ. ನಾ ಬೈದದ್ದು ಕೇಳಿ ಆ ಕಟ್ಟಿನೇ ಹೆದರಿ ಸರಕೊಂಡಿತೇನು?"

"ಇಲ್ರಿ."

"ಮತ್ತ?"

"ಲೆಕ್ಕ ಕೂಡ್ಲಿ ಅಂತ ನಾನ ಬರದೆ ರೀ."

ಗುರುಗಳು ಎದ್ದುನಿಂತರು. ಗೂಡಿನಲ್ಲಿದ್ದ, ಮೂಲೆ ತೊಂಬತ್ತಿದೆಯೇ ಎಂದು ನೋಡುವ ಕಬ್ಬಿಣದ ಮೂಲೆಮಟ್ಟವನ್ನು ತಡಕಿ ತೆಗೆದುಕೊಂಡು, "ನಡಿ, ನನ್ನ ಕಟ್ಟಿಗೆ ಕರಕೊಂಡು ಹೋಗು," ಎಂದರು.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಗವಿಸಿದ್ಧ ಅವರ ಕೈಯನ್ನು ಒಂದನೇ ಮೂಲೆಯ ಮೇಲಿಟ್ಟ. ಅವರು ಮೂಲೆಮಟ್ಟದ ಒಂದು ತೋಳನ್ನು ಕಟ್ಟೆಯ ಒಂದು ಬದಿಗೆ ಒತ್ತಿ ಹಿಡಿದರು. ಅದು ಅಂಟಿ ಕೂತಿತು. ಇನ್ನೊಂದು ತೋಳಿಗೂ ಕಲ್ಲಿಗೂ ನಡುವೆ ಸಂದಿ ಉಳಿಯಿತು. ಗುರುಗಳು ಸಂದಿಯೊಳಗೆ ಬೆರಳು ತೂರಿಸಿದರು. ಮೂಲೆಯ ಬಳಿ ಉಗುರೂ ಹೋಗಲಿಲ್ಲ. ತೋಳಿನ ತುದಿಯಲ್ಲಿ ಬೆರಳೇ ಹೋಯಿತು.

"ಇದು ತೊಂಬತ್ತೇನು?"

"ಅಲ್ರಿ. ಎಂಬತ್ತೆಂಟೂವರಿ. ಕಂಪ್ಯೂಟರ್ ಮೊದಲನೇ ಸಲನ ಬರೋಬ್ಬರಿ ಹೇಳಿತ್ತು. ನಾನ ಅಳಿಸಿ ತೊಂಬತ್ತು ಅಂತ ಬರದೆ."

"ಯಾಕ?"

"ಕಟ್ಟಿ ಮೂಲಿ ತೊಂಬತ್ತ ಇರ್ತದ, ನಂದ ಅಳತಿ ತಪ್ಪಿರಬೇಕು ಅಂತ ತಿಳದೆ ರೀ."

"ಸುಳ್ಳು. ಹಂಗಿದ್ರ ಮೂರನೇದು ಯಾಕ ಬದಲ ಮಾಡಿದಿ?"

ಗವಿಸಿದ್ಧ ಮೂಲೆಮಟ್ಟವನ್ನು ಅವರ ಕೈಯಿಂದ ತೆಗೆದುಕೊಂಡ. ಆಮೇಲೆ, "ನೀವು ಬೈತೀರಿ ಅಂತ ರೀ," ಎಂದ.

ಶಂಕರಯ್ಯನವರು ಕಟ್ಟೆಯ ಮೇಲೆ ಕೂತರು. ಅವರಿಗೆ ನೋವಾಗಿತ್ತು. ಯಾರ ಮೇಲೆ ರೇಗಬೇಕೆಂದು ಗೊತ್ತಾಗದ ನೋವು ಅದು.

"ಗವಿಸಿದ್ಧ," ಎಂದರು, "ಕಣ್ಣಿದ್ದಾಗ ನಾ ಗೆರಿ ನೋಡ್ತಿದ್ದೆ, ನಿನ್ನ ಅಂಕಿ ನೋಡ್ತಿರಲಿಲ್ಲ. ಈಗ ಗೆರಿ ಕಾಣಂಗಿಲ್ಲ. ನೀ ಓದಿದ ಅಂಕಿನ ನನಗ ಗೆರಿ, ಅದ ಕಟ್ಟಿ. ಇವತ್ತ ಲೆಕ್ಕ ಕೂಡಲಿಲ್ಲ, ಅದಕ್ಕ ಸಿಕ್ಕಿಬಿದ್ದಿ. ನಾಳೆ ನೀ ಶಾಣ್ಯಾ ಆಗಿ, ಕೂಡುವಂಗ ಸುಳ್ಳು ಓದಿದ್ರ ನಾ ಎಲ್ಲಿ ಹೋಗ್ಲಿ? ಸಹಿ ಮಾಡೂದ ಬಿಟ್ಟು ಮೂಲ್ಯಾಗ ಕೂಡ್ಲೇನು?"

ಗವಿಸಿದ್ಧನ ಕಣ್ಣು ತುಂಬಿತು. "ತಪ್ಪಾತ್ರಿ. ಇನ್ನ ಮ್ಯಾಲೆ ನೀವು ಬೈಯೂದಿಲ್ಲ ಅಂದ್ರ…"

"ಹಂಗಂತ ಮಾತು ಕೊಡ್ಲಿಕ್ಕೆ ನನ್ನ ಕೈಲಿ ಆಗಂಗಿಲ್ಲ," ಎಂದರು ಗುರುಗಳು ಥಟ್ಟನೆ. "ಈ ವಯಸ್ಸಿನ್ಯಾಗ ಸುಳ್ಳು ಮಾತು ಯಾಕ ಕೊಡ್ಲಿ? ಬೈಯೂದು ನನ್ನ ಹಣೇಬರಹ. ಕೇಳೂದು ನಿಂದು. ಏಳು."

ಇಬ್ಬರೂ ಒಳಗೆ ಬಂದರು. ಗವಿಸಿದ್ಧ ತಾನು ಟೈಪು ಮಾಡಿದ್ದ ಎರಡು ಅಂಕಿಗಳನ್ನೂ ತೆಗೆದುಹಾಕಿದ. ಕಂಪ್ಯೂಟರು ತಾನು ಅಳೆದ ಕೋನಗಳನ್ನು ಮತ್ತೆ ತೋರಿಸಿತು.

ಗುರುಗಳು ಪೆನ್ನು ಹಿಡಿದು ಕೂತಿದ್ದರು. "ಓದು," ಎಂದರು.

"ಒಂದನೇ ಮೂಲಿ," ಎಂದು ಗವಿಸಿದ್ಧ ತಡವರಿಸಿದ. "ಎಂಬತ್ತೆಂಟೂವರಿ."

ಗುರುಗಳ ಹುಬ್ಬು ಗಂಟಿಕ್ಕಿತು. ತುಟಿ ಬಿಗಿಯಿತು. ಅವನಿಗೆ ಚೆನ್ನಾಗಿ ಗೊತ್ತಿದ್ದ ಆ ಮುಖವೇ ಅದು.

"ಸಿಟ್ಟು ಬಂತೇನ್ರಿ, ಗುರುಗಳ?"

"ಬಂದೈತಿ. ಎರಡನೇ ಮೂಲಿ ಓದು."