ಕಾದ ಕುಳ ಹಿಡಿದ ಮೋನಪ್ಪ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಕೇಳಿ ಮಾತ್ರ ಗೊತ್ತಿದ್ದ ಕಾಲದಲ್ಲಿ, ಎರೆಹೊಲಗಳ ನಡುವಿನ ಒಂದು ಊರಲ್ಲಿ ಮೋನಪ್ಪ ಅನ್ನುವ ಕಮ್ಮಾರ ಇದ್ದನಂತೆ. ಅವನಂಥ ಮುಗ್ಧ ಸುತ್ತ ಹನ್ನೆರಡು ಹಳ್ಳಿಯಲ್ಲಿ ಇರಲಿಲ್ಲ ಅಂತಾರೆ. ಎಮ್ಮೆ ಹುಣಸೆಮರ ಹತ್ತಿದೆ ಅಂತ ಯಾರಾದರೂ ಹೇಳಿದರೆ, ಸುತ್ತಿಗೆ ಕೆಳಗಿಟ್ಟು ಹೊರಗೆ ಬಂದು ಮರ ನೋಡುತ್ತಿದ್ದನಂತೆ. ಕಾಣದಿದ್ದರೆ, ಅಷ್ಟರಲ್ಲಿ ಇಳಿದು ಹೋಗಿರಬೇಕು ಪಾಪ ಅನ್ನುತ್ತಿದ್ದನಂತೆ. ಊರಿಗೆಲ್ಲ ಅವನೆಂದರೆ ನಗು. ಆದರೆ ಅವನು ಒಂದು ಸುಳ್ಳು ಹೇಳಿದ್ದನ್ನು, ಒಂದು ಮೊಳೆ ಕದ್ದದ್ದನ್ನು ಕಂಡವರಿಲ್ಲ.

ಆ ಊರಲ್ಲಿ ಒಂದು ಕೆಟ್ಟ ಪದ್ಧತಿ ಇತ್ತು. ಕಳವಿನ ಅಪವಾದ ಬಂದವರು, ಕೆಂಪಗೆ ಕಾಯಿಸಿದ ನೇಗಿಲ ಕುಳವನ್ನು ಬರಿಗೈಯಲ್ಲಿ ಹಿಡಿದು ಏಳು ಹೆಜ್ಜೆ ನಡೆಯಬೇಕು. ಕೈ ಸುಡದಿದ್ದರೆ ನಿರಪರಾಧಿ, ಸುಟ್ಟರೆ ಕಳ್ಳ. ಹಿಡಿದವರೆಲ್ಲರ ಕೈಯೂ ಸುಟ್ಟಿತ್ತು. ಹಾಗಾಗಿ ಹಿಡಿದವರೆಲ್ಲ ಕಳ್ಳರೇ ಅಂತ ಊರು ನಂಬಿತ್ತು, ಎಂಥ ಬುದ್ಧಿವಂತರು ನೋಡಿ. ಮೊದಲೆಲ್ಲ ಆ ಕುಳ ಕಾಯಿಸುತ್ತಿದ್ದದ್ದು ಮೋನಪ್ಪನ ಅಪ್ಪ.

ಅಪ್ಪ ತೀರಿಹೋದ ಮೇಲೆ ಒಂದು ವರ್ಷ, ಬಿತ್ತನೆಗೆ ಮುಂಚೆ ಊರಿನ ಹಗೇವು ತೆಗೆದರೆ, ನೆಲದೊಳಗೆ ಕೂಡಿಟ್ಟ ಬೀಜದ ಜೋಳ ಅರ್ಧಕ್ಕರ್ಧ ಇಲ್ಲ. ಅನುಮಾನ ಸೂಲಗಿತ್ತಿ ತಿಪ್ಪವ್ವನ ಮೇಲೆ ಬಿತ್ತು. ಹೆರಿಗೆ ಮಾಡಿಸಲು ಹೊತ್ತಲ್ಲದ ಹೊತ್ತಲ್ಲಿ ಓಡಾಡುವವಳು ಅವಳೊಬ್ಬಳೇ ತಾನೇ. ನನ್ನ ಕೈ ಹೋದರೆ ನಿಮ್ಮ ಸೊಸೆಯಂದಿರ ಗತಿ ಏನು ಅಂತ ಅವಳು ಅಂಗಲಾಚಿದಳಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಳ ಕಾಯಿಸು ಅಂತ ಗೌಡ ಮೋನಪ್ಪನಿಗೆ ಹೇಳಿಕಳಿಸಿದ.

ಮೋನಪ್ಪ ಮೂರು ದಿನ ಅನ್ನ ಮುಟ್ಟಲಿಲ್ಲವಂತೆ. ಕುಲುಮೆಯ ಕಿಡಿ ಹಾರಿದಾಗೆಲ್ಲ ಅವನ ಮೈಮೇಲೂ ಬೊಬ್ಬೆ ಎದ್ದಿತ್ತು. ಅವನೋ ಯಾರ ಮನೆಯದೂ ಏನೂ ಕದ್ದವನಲ್ಲ. ಇದೊಂದು ಲೆಕ್ಕ ಅವನ ತಲೆಗೆ ಹತ್ತಲೇ ಇಲ್ಲ.

ನಾಲ್ಕನೇ ದಿನ ಊರೆಲ್ಲ ಕುಲುಮೆಯ ಮುಂದೆ ಸೇರಿತು. ತಿಪ್ಪವ್ವ ಕೈ ಚಾಚಿ ನಿಂತಳು. ಮೋನಪ್ಪ ಇಕ್ಕಳದಲ್ಲಿ ಕುಳ ಹೊರತೆಗೆದ.

"ಮೊದಲ ನಾ ಹಿಡೀತೀನ್ರೀ ಗೌಡ್ರ. ನಾ ಕದ್ದಿಲ್ಲಂತ ಊರಿಗೆಲ್ಲ ಗೊತ್ತೈತಿ," ಅಂದ.

ಇಕ್ಕಳ ಬಿಟ್ಟು ಬರಿಗೈಯಲ್ಲಿ ಹಿಡಿದೇಬಿಟ್ಟ. ಏಳು ಹೆಜ್ಜೆ ನಡೆದ ಅಂತಾರೆ, ಇಪ್ಪತ್ತೊಂದು ಅಂತಾರೆ, ಊರು ಸುತ್ತಿ ಬಂದ ಅಂತಲೂ ಅಂತಾರೆ. ಏಳೇ ಸಾಕಲ್ಲವೇ. ಆಮೇಲೆ ಕುಳ ಕೆಳಗೆ ಹಾಕಿ, ಸುಟ್ಟ ಅಂಗೈಗಳನ್ನು ಗೌಡನ ಮುಂದೆ ಹಿಡಿದ.

"ಸುಟ್ಟೈತಿ ನೋಡ್ರಿ. ಅಂದಮ್ಯಾಲ ಕಳ್ಳ ನಾನ ಆದೆ. ಆಕೀನ ಬಿಡ್ರಿ."

ಹೌದು ಅಂದರೆ, ಒಂದು ಮೊಳೆಯನ್ನೂ ಕದಿಯದವನನ್ನು ಕಳ್ಳ ಅನ್ನಬೇಕಿತ್ತು. ಅಲ್ಲ ಅಂದರೆ, ಅಷ್ಟು ವರ್ಷ ಸುಟ್ಟ ಕೈಗಳಿಗೆಲ್ಲ ಉತ್ತರ ಹೇಳಬೇಕಿತ್ತು. ಹಿಂದೊಮ್ಮೆ ಕುಳ ಹಿಡಿದು ಕಳ್ಳನಾಗಿದ್ದ ಮುದುಕನೊಬ್ಬ ಗುಂಪಿನಲ್ಲಿ ಬಿಕ್ಕಿಬಿಕ್ಕಿ ಅತ್ತನಂತೆ. ಗೌಡ ತಲೆ ತಗ್ಗಿಸಿ, ತಿಪ್ಪವ್ವನಿಗೆ ಮನೆಗೆ ಹೋಗು ಅಂದ.

ಮುಗ್ಧ ಅಂದರೆ ಏನೂ ತಿಳಿಯದವನು ಅಂತ ಊರು ಅಂದುಕೊಂಡಿತ್ತು. ಕಾದ ಕಬ್ಬಿಣ ಏನು ಮಾಡುತ್ತದೆ ಅಂತ ಅವನಷ್ಟು ತಿಳಿದವರು ಅಲ್ಲಿ ಯಾರಿದ್ದರು ಹೇಳಿ. ಅವನ ಬೆರಳುಗಳು ಮತ್ತೆ ಪೂರ್ತಿ ಬಿಚ್ಚಲಿಲ್ಲ. ಸುತ್ತಿಗೆಯನ್ನು ಅವನ ಹೆಂಡತಿ ಹಿಡಿದಳು. ಜೋಳ ಯಾರು ಒಯ್ದರೋ, ಇಲಿ ತಿಂದವೋ, ಇವತ್ತಿಗೂ ಗೊತ್ತಿಲ್ಲ.

ಆ ಊರಲ್ಲಿ ಈಗಲೂ ಯಾರ ಮೇಲಾದರೂ ಕಳವು ಹೊರಿಸಬೇಕೆಂದರೆ, ಹೊರಿಸುವವರೇ ಮೊದಲು ಕುಲುಮೆಗೆ ಹೋಗಿ, ತಣ್ಣನೆಯ ಕುಳವೊಂದನ್ನು ಎರಡೂ ಕೈಯಲ್ಲಿ ಹಿಡಿದು ಏಳು ಹೆಜ್ಜೆ ನಡೆಯಬೇಕು. ಮೂರು ನಾಲ್ಕು ಹೆಜ್ಜೆಗೇ ಮೋನಪ್ಪನ ಕೈ ನೆನಪಾಗಿ ಅದನ್ನು ಕೆಳಗಿಟ್ಟು, ಅಪವಾದ ಹೊರಿಸದೆ ಮನೆಗೆ ಹೋದವರೇ ಹೆಚ್ಚಂತೆ.